ಒಂದು ದಿನ ಖಾಲಿ ಬಿಡಿ

ಯುಗಾದಿ ಕಳೆದಿದೆ, ಪರೀಕ್ಷೆಗಳು ಮುಗಿಯುತ್ತಿವೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಚಾರಣಿಗರ ಗುಂಪುಗಳಲ್ಲಿ ಈಗ ಹಿಮಾಲಯದ ಮಾತು ಶುರುವಾಗಿರುತ್ತದೆ. ಈ ಸಲ ಯಾವ ಸರೋವರ? ಗಢವಾಲದ ಸಹಸ್ರತಾಲವೋ, ಸ್ಪಿತಿಯ ಚಂದ್ರತಾಲವೋ, ಕಾಶ್ಮೀರದ ವಿಷನ್‌ಸರ್, ಗಡ್‌ಸರ್, ಗಂಗಾಬಲ್‌ಗಳ ಸಾಲೋ? ವಾಟ್ಸ್ಯಾಪ್‌ನಲ್ಲಿ ದಿನವಾರು ಪಟ್ಟಿಯೊಂದು ಬಂದು ಬೀಳುತ್ತದೆ. ಮೊದಲ ದಿನ ವಿಮಾನ, ಎರಡನೆಯ ದಿನ ಜೀಪು, ಮೂರನೆಯ ದಿನದಿಂದ ನಡಿಗೆ, ಆರನೆಯ ದಿನ ಸರೋವರ, ಎಂಟನೆಯ ದಿನ ಜೀಪು, ಒಂಬತ್ತನೆಯ ದಿನ ವಿಮಾನ, ಮರುದಿನ ಬೆಳಿಗ್ಗೆ ಆಫೀಸು. ಇಂಥ ಪಟ್ಟಿಯಲ್ಲಿ ಪ್ರತಿ ಸಾಲೂ ತುಂಬಿರುತ್ತದೆ. ಏನೂ ಬರೆಯದೆ ಬಿಟ್ಟ ಒಂದು ಸಾಲು ಅಲ್ಲಿರಬೇಕಿತ್ತು. ಹಣ ಕಟ್ಟುವ ಮೊದಲೇ ಈ ಮಾತು ನಿಮ್ಮನ್ನು ಮುಟ್ಟಲಿ ಎಂದು ಋತು ಆರಂಭವಾಗುವ ಮುನ್ನವೇ ಬರೆಯುತ್ತಿದ್ದೇವೆ.

2024ರ ಜೂನ್ ಮೊದಲ ವಾರವನ್ನು ಕನ್ನಡಿಗರು ಮರೆಯಬಾರದು. ದೇಶವೆಲ್ಲ ಲೋಕಸಭಾ ಚುನಾವಣೆಯ ಫಲಿತಾಂಶದಲ್ಲಿ ಮುಳುಗಿದ್ದ ಹೊತ್ತಿಗೆ ಉತ್ತರಕಾಶಿಯಿಂದ ಸುದ್ದಿ ಬಂತು. ಮೇ 29ರಂದು ಸಹಸ್ರತಾಲಕ್ಕೆ ಹೊರಟಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿಬಿದ್ದಿತ್ತು. ಅವರಲ್ಲಿ 18 ಮಂದಿ ಕರ್ನಾಟಕದಿಂದ ಹೋದವರು. ಸುಮಾರು 4,400 ಮೀಟರ್ ಎತ್ತರದ ಆ ಸರೋವರವನ್ನು ಕಣ್ತುಂಬಿಕೊಂಡು ಶಿಬಿರಕ್ಕೆ ಮರಳುತ್ತಿದ್ದಾಗ ಗಾಳಿ ಎದ್ದು ಹಿಮ ಸುರಿಯಿತು, ದಾರಿ ಮಾಯವಾಯಿತು. ಆಮೇಲೆ ವಾಯುಪಡೆಯ ಹೆಲಿಕಾಪ್ಟರ್‌ಗಳೂ ರಾಜ್ಯ ವಿಪತ್ತು ಸ್ಪಂದನಾ ಪಡೆಯವರೂ ಹೋಗಿ 13 ಮಂದಿಯನ್ನು ಕಾಪಾಡಿದರು. ನಮ್ಮ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿನಲ್ಲಿ ನಿಂತು ಉಸ್ತುವಾರಿ ನೋಡಿಕೊಂಡರು. ಜೂನ್ 7ಕ್ಕೆ ಚಾರಣ ಮುಗಿಸಿ ಇಳಿಯಬೇಕಿದ್ದವರಲ್ಲಿ ಒಂಬತ್ತು ಮಂದಿ ಶವವಾಗಿ ಇಳಿದರು.

ಆ ತಂಡದಲ್ಲಿ ತಪ್ಪು ಹುಡುಕುವುದು ನಮ್ಮ ಉದ್ದೇಶವಲ್ಲ. ಅಲ್ಲಿದ್ದವರಲ್ಲಿ ಹಲವರು ವರ್ಷಗಟ್ಟಲೆ ಬೆಟ್ಟ ಹತ್ತಿದವರು, ಬೆಟ್ಟವನ್ನು ಪ್ರೀತಿಸಿದವರು. ಅನುಭವಿಗಳಿಗೇ ಹೀಗಾಯಿತೆಂದರೆ ಈ ಬೇಸಿಗೆಯಲ್ಲಿ ಮೊದಲ ಬಾರಿಗೆ ಹೊರಡುವವರು ಎಷ್ಟು ಎಚ್ಚರದಿಂದಿರಬೇಕು ಎಂಬುದಷ್ಟೇ ನಮ್ಮ ಕಳವಳ. ಅದು ಒಂದೇ ಘಟನೆಯೂ ಅಲ್ಲ. 2021ರ ಅಕ್ಟೋಬರಿನಲ್ಲಿ ಹರ್ಸಿಲ್‌ನಿಂದ ಲಮ್ಖಾಗಾ ಘಟ್ಟ ದಾಟಿ ಕಿನ್ನೌರಕ್ಕೆ ಇಳಿಯಲು ಹೊರಟ ಚಾರಣಿಗರಲ್ಲಿ ಹಲವರು ಹಿಮಪಾತದಲ್ಲಿ ಸತ್ತರು. 2023ರ ಜುಲೈನಲ್ಲಿ, ನಮ್ಮಲ್ಲಿ ಮುಂಗಾರು ಸುರಿಯುತ್ತಿದ್ದ ಕಾಲದಲ್ಲಿ, ಚಂದ್ರತಾಲದ ಶಿಬಿರಗಳಲ್ಲಿದ್ದ ಮುನ್ನೂರರಷ್ಟು ಪ್ರವಾಸಿಗರು ಹಿಮದ ನಡುವೆ ದಿನಗಟ್ಟಲೆ ಸಿಲುಕಿದರು. ಕುಂಜುಮ್ ಘಟ್ಟದ ಹಿಮ ಸರಿಸಿ ಅವರನ್ನು ಹೊರತರಬೇಕಾಯಿತು. ಅಕ್ಟೋಬರ್, ಜೂನ್, ಜುಲೈ ಮೂರೂ ‘ಒಳ್ಳೆಯ ಸೀಸನ್’ ಎಂದು ಮಾರಾಟವಾಗುವ ತಿಂಗಳುಗಳೇ.

ಎತ್ತರದ ಸರೋವರದ ದಾರಿಯೇ ಏಕೆ ಇಷ್ಟು ಅಪಾಯ? ಅದು ಇರುವ ಜಾಗ ಅಂಥದು. ಹಿಂದೆಂದೋ ಹಿಮನದಿ ಕೊರೆದಿಟ್ಟ ಬಟ್ಟಲಿನಂಥ ತಗ್ಗಿನಲ್ಲಿ ಅದು ಕೂತಿರುತ್ತದೆ. ಸುತ್ತ ಮೂರು ಕಡೆ ಬಂಡೆಗೋಡೆ. ಅನೇಕ ಸರೋವರಗಳಿಗೆ ಏಣು ಹತ್ತಿ ಆಚೆ ಇಳಿಯಬೇಕು. ಎಂದರೆ ಹಿಂದಿರುಗುವಾಗ, ಕಾಲು ಸೋತಿರುವಾಗ, ಮತ್ತೆ ಹತ್ತಬೇಕು. ರಾತ್ರಿಯಾದರೆ ಸುತ್ತಲಿನ ಇಳಿಜಾರಿನ ಚಳಿಗಾಳಿಯೆಲ್ಲ ನೀರಿನಂತೆ ಹರಿದು ಬಂದು ಆ ಬಟ್ಟಲನ್ನೇ ತುಂಬುತ್ತದೆ. ಗಢವಾಲದಲ್ಲಿ ಸುಮಾರು 3,500 ಮೀಟರ್ ದಾಟಿದ ಮೇಲೆ ಮರವಿಲ್ಲ. ಮರೆಗೆ ನಿಲ್ಲಲು ಕಾಂಡವಿಲ್ಲ, ಬೆಂಕಿಗೆ ಸೌದೆಯಿಲ್ಲ. ಹುಲ್ಲು, ಕಲ್ಲು, ಗಾಳಿ ಅಷ್ಟೇ. ಬಿಸಿಲಿರುವಾಗ ಅದು ಸ್ವರ್ಗ. ಮೋಡ ಇಳಿದರೆ ಅದೇ ಹುಲ್ಲುಗಾವಲಿನಲ್ಲಿ ಹತ್ತು ಹೆಜ್ಜೆ ಮುಂದಿರುವವರು ಕಾಣುವುದಿಲ್ಲ.

ಮೋಡ ಇಳಿಯುವ ಹೊತ್ತನ್ನು ಬೆಟ್ಟ ಬಹುಮಟ್ಟಿಗೆ ಮೊದಲೇ ಹೇಳಿರುತ್ತದೆ. ಬೆಳಗಿನ ಬಿಸಿಲಿಗೆ ಇಳಿಜಾರು ಕಾದು ಕಣಿವೆಯ ತೇವದ ಗಾಳಿ ಮೇಲೇರುತ್ತದೆ. ಹತ್ತು ಗಂಟೆಗೆ ಹತ್ತಿಯಂತೆ ಕಂಡದ್ದು ಮಧ್ಯಾಹ್ನದ ಹೊತ್ತಿಗೆ ಕಪ್ಪಾಗುತ್ತದೆ, ಎರಡರ ಮೇಲೆ ಆಲಿಕಲ್ಲೋ ಹಿಮವೋ ಬೀಳುತ್ತದೆ. ಇದರ ಮೇಲೆ ಪಶ್ಚಿಮದಿಂದ ಬರುವ ವಾಯುಕ್ಷೋಭೆಯೂ ಸೇರಿಕೊಂಡರೆ ಒಂದೇ ಗಂಟೆಯಲ್ಲಿ ಚಳಿಗಾಲ ಮರಳುತ್ತದೆ. ಆ ಎತ್ತರದಲ್ಲಿ ಮಧ್ಯಾಹ್ನ ಹನ್ನೆರಡು ಗಂಟೆಗೆ ಸರೋವರ ಇನ್ನೂ ಕಾಣದಿದ್ದರೆ ಹಿಂದಿರುಗಬೇಕು ಎಂಬ ನಿಯಮ ಅನುಭವಿಗಳ ಹೇಡಿತನದಿಂದ ಹುಟ್ಟಿದ್ದಲ್ಲ, ಈ ಗಡಿಯಾರವನ್ನು ನೋಡಿ ನೋಡಿ ಹುಟ್ಟಿದ್ದು.

ಫೋನಿನಲ್ಲಿ ಉತ್ತರಕಾಶಿಯ ಹವಾಮಾನ ನೋಡಿ ಬಟ್ಟೆ ತುಂಬಿಕೊಳ್ಳುವವರು ಒಂದು ಲೆಕ್ಕ ಮಾಡಲಿ. ಉತ್ತರಕಾಶಿ ಪಟ್ಟಣ 1,158 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದಂತೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಪಟ್ಟಣದಲ್ಲಿ 30 ಡಿಗ್ರಿ ಸೆಖೆಯಿದ್ದ ದಿನ ಸರೋವರದ ಬಳಿ ಹಗಲಿನಲ್ಲೇ ಒಂಬತ್ತರ ಆಸುಪಾಸು. ಮೋಡ ಮುಚ್ಚಿ ಅದು ಸೊನ್ನೆಗಿಳಿದು ಗಂಟೆಗೆ 60 ಕಿಲೋಮೀಟರಿನ ಗಾಳಿ ಬೀಸಿದರೆ ಮೈಗೆ ತಾಗುವ ಚಳಿ ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗಿನದು. ಬೆವರಿಗೋ ಹಿಮಕ್ಕೋ ಒದ್ದೆಯಾದ ಹತ್ತಿಯ ಅಂಗಿ ಆಗ ಮೈಯ ಕಾವನ್ನು ಹೀರಿ ಹೊರಗೆ ಸುರಿಯುತ್ತದೆ. ದೇಹದ ಒಳಗಿನ ಬಿಸಿ 35 ಡಿಗ್ರಿಗಿಂತ ಕೆಳಗಿಳಿದರೆ ಮನುಷ್ಯ ತಾನಾಗಿ ಉಳಿಯುವುದಿಲ್ಲ. ಮೊದಲು ಬೆರಳು ಗುಂಡಿ ಹಾಕಲು ಒಲ್ಲೆನ್ನುತ್ತದೆ, ಮಾತು ತೊದಲುತ್ತದೆ, ಹೆಜ್ಜೆ ಎಡವುತ್ತದೆ. ಆಮೇಲೆ ‘ನೀವು ನಡೀರಿ, ನಾನು ಸ್ವಲ್ಪ ಕೂತು ಬರ್ತೀನಿ’ ಎಂಬ ಮಾತು. ಬೆಟ್ಟದಲ್ಲಿ ಇದಕ್ಕಿಂತ ಅಪಾಯದ ಮಾತು ಇನ್ನೊಂದಿಲ್ಲ. ನಡುಗುತ್ತಿದ್ದವರು ನಡುಗುವುದನ್ನು ನಿಲ್ಲಿಸಿದರೆ ಸುಧಾರಿಸಿಕೊಂಡರು ಎಂದು ತಿಳಿಯಬೇಡಿ. ಮೈ ಹೋರಾಟ ಬಿಟ್ಟಿದೆ ಎಂದು ತಿಳಿಯಿರಿ.

ಇಲ್ಲಿ ಇನ್ನೊಂದು ಸಂಗತಿಯಿದೆ. ಸರೋವರದ ದಿನ ತಂಡ ಟೆಂಟುಗಳನ್ನು ಶಿಬಿರದಲ್ಲೇ ಬಿಟ್ಟು, ನೀರಿನ ಬಾಟಲಿ ಮತ್ತು ಬುತ್ತಿಯ ಸಣ್ಣ ಚೀಲ ಹೊತ್ತು ಹೋಗುತ್ತದೆ. ಅತಿ ಎತ್ತರದಲ್ಲಿ, ಅತಿ ದೂರದಲ್ಲಿ ಇರುವ ದಿನವೇ ತಲೆಯ ಮೇಲೆ ಸೂರಿಲ್ಲ. ಹತ್ತು ಜನ ಒಟ್ಟಿಗೆ ತಲೆ ತೂರಿಸಿ ಕೂರಬಹುದಾದ ಹಗುರ ತುರ್ತು ಹೊದಿಕೆ, ಒಂದೆರಡು ಮಲಗುಚೀಲ, ಒಲೆ ಇಷ್ಟಾದರೂ ತಂಡದ ಜತೆ ಸರೋವರದವರೆಗೆ ಬರಬೇಕು. ‘ಅಂದು ಸಾಯಂಕಾಲಕ್ಕೆ ಮರಳುತ್ತೇವಲ್ಲ’ ಎಂಬ ಭರವಸೆಯ ಮೇಲೆ ಅದನ್ನು ಬಿಟ್ಟುಹೋಗುವ ತಂಡದ ಜತೆ ಹೋಗಬೇಡಿ.

ಚಳಿಗಿಂತ ಮೆಲ್ಲಗೆ ಬರುವ ಶತ್ರು ಎತ್ತರ. ನಾವು ಹಿಮಾಲಯಕ್ಕೆ ತಯಾರಿ ಮಾಡುವುದು ಸಾವನದುರ್ಗದಲ್ಲಿ, ಕುಮಾರ ಪರ್ವತದಲ್ಲಿ. ಕುಮಾರ ಪರ್ವತ 1,712 ಮೀಟರ್. ನಾಡಿನ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಅಲ್ಲಿ ಕಾಲು ಗಟ್ಟಿಯಾಗುತ್ತದೆ, ಉಸಿರು ಹದಗೊಳ್ಳುತ್ತದೆ. ಆದರೆ ಎತ್ತರಕ್ಕೆ ರಕ್ತ ಒಗ್ಗುವುದು ಎತ್ತರದಲ್ಲಿ ರಾತ್ರಿ ಕಳೆದರೆ ಮಾತ್ರ. 4,400 ಮೀಟರಿನಲ್ಲಿ ಒಂದೊಂದು ಉಸಿರಿಗೂ ಸಮುದ್ರಮಟ್ಟದ ಶೇ 60ಕ್ಕಿಂತ ಕಡಿಮೆ ಆಮ್ಲಜನಕ ಸಿಗುತ್ತದೆ. ಮ್ಯಾರಥಾನ್ ಓಡುವವರಿಗೂ ಅಲ್ಲಿ ರಿಯಾಯಿತಿಯಿಲ್ಲ. ಗಟ್ಟಿಗರು ಬೇಗ ಬೇಗ ಹತ್ತುವುದರಿಂದ ಅವರಿಗೇ ಹೆಚ್ಚು ಅಪಾಯ. ವೈದ್ಯರು ಹೇಳುವ ಸೂತ್ರ ಸರಳ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ನಿಲ್ಲಬೇಕು. ತಲೆನೋವು, ವಾಕರಿಕೆ ಬಂದರೆ ಮೇಲೆ ಹೋಗಬಾರದು. ನಡಿಗೆ ತೂರಾಡಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ಬೆಳಗಿಗೆ ಕಾಯದೆ ಕೆಳಗಿಳಿಸಬೇಕು. ಮಾತ್ರೆ ಬೇಕೋ ಬೇಡವೋ ಎಂಬುದನ್ನು ಊರಿನಲ್ಲೇ ವೈದ್ಯರ ಬಳಿ ಕೇಳಿಕೊಂಡು ಹೋಗಿ. ಯಾವ ಮಾತ್ರೆಯೂ ಇಳಿಯುವುದಕ್ಕೆ ಬದಲಿಯಲ್ಲ.

ಈಗ ಆ ಒಂಬತ್ತು ದಿನಗಳ ಪಟ್ಟಿಗೆ ಮರಳೋಣ. ಎರಡು ವಾರಾಂತ್ಯ, ನಡುವೆ ಐದು ರಜೆ, ಒಟ್ಟು ಒಂಬತ್ತು. ಹೋಗಲು ಎರಡು ದಿನ, ಬರಲು ಎರಡು ದಿನ ಕಳೆದರೆ ಬೆಟ್ಟಕ್ಕೆ ಸಿಗುವುದು ಐದು. ಅದರಲ್ಲಿ ಏರಬೇಕು, ನೋಡಬೇಕು, ಇಳಿಯಬೇಕು. ಏರದೆ ನಿಲ್ಲಬೇಕಾದ ದಿನ ಎಲ್ಲಿದೆ? ಮೋಡ ಕಟ್ಟಿದರೆ ಟೆಂಟಿನಲ್ಲೇ ಕೂರುವ ದಿನ ಎಲ್ಲಿದೆ? ಇಲ್ಲ. ಹಾಗಾಗಿ ಆಕಾಶ ಕೆಟ್ಟ ಬೆಳಿಗ್ಗೆಯೂ ತಂಡ ಹೊರಡುತ್ತದೆ. ಹೊರಡದಿದ್ದರೆ ಸರೋವರ ತಪ್ಪುತ್ತದೆ, ಕಟ್ಟಿದ ಹಣ ಹೋಗುತ್ತದೆ, ವಿಮಾನದ ಟಿಕೆಟ್ ಕಾಯುವುದಿಲ್ಲ. ದುಡುಕಿನವರು ಎಲ್ಲೋ ಕೆಲವರು ಇರಬಹುದು. ಆದರೆ ಒಳ್ಳೆಯ, ಸಮಾಧಾನದ ಮನುಷ್ಯರನ್ನೂ ಕೆಟ್ಟ ಹವೆಯೊಳಗೆ ನೂಕುವುದು ಈ ತುಂಬಿದ ಪಟ್ಟಿಯೇ.

ನಮ್ಮ ರೈತ ಹೊಲವನ್ನು ಬೀಳು ಬಿಡುವುದು ಸೋಮಾರಿತನದಿಂದಲ್ಲ. ಮುಂದಿನ ಬೆಳೆ ಆ ಬೀಳಿನಲ್ಲೇ ಇದೆ ಎಂದು ಅವನಿಗೆ ಗೊತ್ತು. ಚಾರಣದ ಪಟ್ಟಿಗೂ ಅಂಥದೊಂದು ಬೀಳು ದಿನ ಬೇಕು. ಅದು ಸರೋವರಕ್ಕೆ ಮೊದಲು ಇರಬೇಕು, ನಂತರವಲ್ಲ. ಕೊನೆಗಿಟ್ಟ ಬಿಡುವಿನ ದಿನ ದೆಹಲಿಯ ಪೇಟೆಯಲ್ಲಿ ಕಳೆದುಹೋಗುತ್ತದೆ, ಬೆಟ್ಟದ ಮೇಲೆ ಅದು ಯಾರನ್ನೂ ಉಳಿಸುವುದಿಲ್ಲ. ಹವೆ ಚೆನ್ನಾಗಿದ್ದರೆ ಆ ದಿನ ಮೈ ಎತ್ತರಕ್ಕೆ ಒಗ್ಗುತ್ತದೆ. ಕೆಟ್ಟರೆ ಟೆಂಟಿನಲ್ಲಿ ಬೆಚ್ಚಗೆ ಕೂತು ಕಾಯಬಹುದು. ಯಾರಿಗಾದರೂ ತಲೆಸುತ್ತು ಬಂದರೆ ಅವರನ್ನು ಇಳಿಸಬಹುದು. ತಗಲುವ ಖರ್ಚು ಒಂದು ದಿನದ ರಜೆ, ಒಂದು ದಿನದ ಊಟ, ಪೋರ್ಟರ್‌ಗಳ ಒಂದು ದಿನದ ಕೂಲಿ. ರಜೆ ಹೆಚ್ಚಿಗೆ ಸಿಗುವುದಿಲ್ಲವೇ? ಹಾಗಾದರೆ ಅಷ್ಟು ಎತ್ತರದ ಸರೋವರ ಈ ವರ್ಷ ನಿಮ್ಮದಲ್ಲ. ತಗ್ಗಿನ ಬುಗ್ಯಾಲ್ (ಬೆಟ್ಟದ ಹುಲ್ಲುಗಾವಲು) ಒಂದನ್ನು ಆರಿಸಿಕೊಳ್ಳಿ.

ಖಾಲಿ ದಿನವಿದ್ದರೂ ‘ಇವತ್ತು ಬೇಡ’ ಎನ್ನುವ ಬಾಯಿ ಬೇಕು. ಆ ಮಾತು ಬರಬೇಕಾದದ್ದು ಸ್ಥಳೀಯ ಗೈಡ್‌ನಿಂದ. ಅವನಿಗೆ ಗಾಳಿಯ ವಾಸನೆ ಗೊತ್ತು, ಕುರಿ ಕಾಯುವವರು ಯಾವ ದಿನ ಮಂದೆ ಇಳಿಸುತ್ತಾರೆಂದು ಗೊತ್ತು. ಆದರೆ ದೂರದ ನಗರದಿಂದ ಹಣ ಕೊಟ್ಟು ಬಂದ ‘ಸಾರ್’ಗಳ ಮುಂದೆ ಅವನು ಮೆಲ್ಲಗೆ ಒಮ್ಮೆ ಹೇಳಿ ಸುಮ್ಮನಾಗುತ್ತಾನೆ. ಸರೋವರ ಮುಟ್ಟಿಸದಿದ್ದರೆ ಬಕ್ಷೀಸು ಹೋಗುತ್ತದೆ, ಮುಂದಿನ ವರ್ಷದ ಕೆಲಸವೂ ಹೋದೀತು ಎಂಬ ಭಯ ಅವನದು. ಆದ್ದರಿಂದ ಹೊರಡುವ ಮುನ್ನ, ಎಲ್ಲರೂ ಕೂತಿರುವಾಗ, ಎರಡು ಮಾತು ಇತ್ಯರ್ಥವಾಗಲಿ. ಮುಟ್ಟಿದರೂ ಮುಟ್ಟದಿದ್ದರೂ ಗೈಡ್‌ಗೆ ಸಂದಾಯ ಅಷ್ಟೇ. ಹಿಂದಿರುಗೋಣ ಎಂದು ಅವನು ಅಂದ ಮೇಲೆ ಚರ್ಚೆಯಿಲ್ಲ.

ಟೆಂಟ್ ಎಲ್ಲಿ ಹಾಕಬೇಕೆಂಬುದನ್ನೂ ಅವನ ಜತೆ ಮಾತಾಡಿ. ನಮಗೆ ಗೊತ್ತಿರುವ ಕೆರೆಗೆ ಏರಿ ಇದೆ, ತೂಬಿದೆ, ಹೆಚ್ಚಾದ ನೀರು ಹೋಗಲು ಕೋಡಿ ಇದೆ. ಯಾರೋ ಪುಣ್ಯಾತ್ಮರು ಲೆಕ್ಕ ಹಾಕಿ ಕಟ್ಟಿದ್ದು. ಹಿಮನದಿಯ ಬುಡದಲ್ಲಿರುವ ಎಷ್ಟೋ ಸರೋವರಗಳಿಗೆ ಏರಿಯಾಗಿ ನಿಂತಿರುವುದು ಹಿಮನದಿ ತಳ್ಳಿ ತಂದು ಗುಡ್ಡೆಹಾಕಿದ ಸಡಿಲ ಕಲ್ಲುಮಣ್ಣು. ಅದಕ್ಕೆ ಕೋಡಿ ಇಟ್ಟವರಿಲ್ಲ. 2013ರ ಜೂನ್ 17ರ ಬೆಳಿಗ್ಗೆ ಕೇದಾರನಾಥದ ಮೇಲಿನ ಚೋರಾಬಾರಿ ಸರೋವರ ಅಂಥ ಏರಿ ಒಡೆದುಕೊಂಡೇ ಇಳಿಯಿತು. 2023ರ ಅಕ್ಟೋಬರಿನ ಒಂದು ರಾತ್ರಿ ಸಿಕ್ಕಿಮಿನ ದಕ್ಷಿಣ ಲ್ಹೋನಕ್ ಸರೋವರ ಉಕ್ಕಿ ಚುಂಗ್‌ಥಾಂಗ್‌ನ 1,200 ಮೆಗಾವಾಟ್ ವಿದ್ಯುತ್ ಯೋಜನೆಯ ಅಣೆಕಟ್ಟನ್ನೇ ಕೊಚ್ಚಿಹಾಕಿತು. ಹಿಮಾಲಯದ ನದಿಗಳ ಜಲಾನಯನ ಪ್ರದೇಶಗಳಲ್ಲಿ 10 ಹೆಕ್ಟೇರ್‌ಗಿಂತ ದೊಡ್ಡದಾದ 2,431 ಸರೋವರಗಳ ಪೈಕಿ 676 ಸರೋವರಗಳು 1984ರಿಂದೀಚೆಗೆ ಗಮನಾರ್ಹವಾಗಿ ಹಿಗ್ಗಿವೆ ಎಂದು ಇಸ್ರೊ 2024ರಲ್ಲಿ ಉಪಗ್ರಹ ಚಿತ್ರಗಳಿಂದ ಗುರುತಿಸಿತು. ಅವುಗಳಲ್ಲಿ 130 ಭಾರತದಲ್ಲಿವೆ. ಚಾರಣಿಗರು ಹೋಗುವ ಸರೋವರಗಳೆಲ್ಲ ಹೀಗಿಲ್ಲ. ಆದರೂ ಸರೋವರದಿಂದ ನೀರು ಹೊರಬೀಳುವ ಬಾಯಿಯ ಕೆಳಗೆ, ತೊರೆಯ ದಂಡೆಯಲ್ಲಿ, ಟೆಂಟ್ ಹಾಕಬೇಡಿ. ಹತ್ತು ವರ್ಷದ ಹಿಂದೆ ಸುರಕ್ಷಿತವಾಗಿದ್ದ ಜಾಗ ಇಂದೂ ಹಾಗೇ ಇದೆ ಎಂದುಕೊಳ್ಳಬೇಡಿ.

ಸರೋವರದ ದಡದಲ್ಲೇ ಮಲಗುವ ಆಸೆಯನ್ನೂ ಬಿಡಿ. ಅದು ನಿಮಗೆ ಹೆಚ್ಚು ಚಳಿ, ಅದಕ್ಕೆ ಹೆಚ್ಚು ಗಾಯ. ಅಲ್ಲಿ ಹುಲ್ಲು ಬೆಳೆಯಲು ವರ್ಷದಲ್ಲಿ ಕೆಲವೇ ತಿಂಗಳು ಸಿಗುತ್ತವೆ. ಮಲ ಕೊಳೆಯಲೂ ಬೇಕಾದ ಬಿಸಿಯಿಲ್ಲ. ಚಂದ್ರತಾಲ 2005ರಿಂದ ರಾಮ್ಸಾರ್ ತಾಣ, ಎಂದರೆ ಜಾಗತಿಕ ಮಹತ್ವದ ಜಲತಾಣ. ಅದರ ದಡದ ಟೆಂಟುಗಳನ್ನು ದೂರ ಸರಿಸಲಾಗಿದೆ. 2018ರಲ್ಲಿ ಉತ್ತರಾಖಂಡದ ಹೈಕೋರ್ಟ್ ಬುಗ್ಯಾಲುಗಳಲ್ಲಿ ರಾತ್ರಿ ತಂಗುವುದನ್ನೇ ನಿಷೇಧಿಸಿತು, ದಿನಕ್ಕೆ 200 ಜನರ ಮಿತಿ ಹೇರಿತು. ರೂಪಕುಂಡದಂಥ ಹೆಸರಾಂತ ದಾರಿಗೆ ಕಡಿವಾಣ ಬಿದ್ದಾಗ ಜನರು ಇನ್ನೂ ಒಳಗಿನ, ಇನ್ನೂ ಒಂಟಿಯಾದ ಸರೋವರಗಳನ್ನು ಹುಡುಕುತ್ತಾರೆ. ದಾರಿ ಹೊಸದಾದಷ್ಟೂ ಸಹಾಯ ದೂರ. ಇದೂ ಒಂದು ಮುನ್ಸೂಚನೆಯೇ.

ಸಹಾಯ ಎಷ್ಟು ದೂರ ಎಂಬುದೇ ಕೊನೆಯ, ದೊಡ್ಡ ಪ್ರಶ್ನೆ. ಈ ದಾರಿಗಳಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಅಪಘಾತವಾದರೆ ಒಬ್ಬರು ಗಂಟೆಗಟ್ಟಲೆ ನಡೆದು ಸುದ್ದಿ ಮುಟ್ಟಿಸಬೇಕು, ಅದೂ ಹಿಮದಲ್ಲಿ. ಹೆಲಿಕಾಪ್ಟರ್ ಮೋಡದಲ್ಲಿ ಬರುವುದಿಲ್ಲ. ಬೇರೆ ದೇಶಗಳ ಚಾರಣಿಗರು ಜೇಬಿನಲ್ಲಿಟ್ಟುಕೊಳ್ಳುವ ಉಪಗ್ರಹ ಸಂದೇಶದ ಉಪಕರಣವನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ಅರಿಯದೆ ತಂದ ವಿದೇಶಿಯರು ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದಿದ್ದಾರೆ. ಭದ್ರತೆಯ ಕಾರಣ ನಮಗೆ ಅರ್ಥವಾಗುತ್ತದೆ. ಆದರೆ ನೋಂದಾಯಿತ ಚಾರಣ ಸಂಸ್ಥೆಗೆ, ಇಂತಿಷ್ಟು ದಿನಕ್ಕೆ, ಇಂಥ ದಾರಿಗೆ ಎಂದು ಪರವಾನಗಿ ಕೊಟ್ಟು ಒಂದು ಉಪಕರಣ ಬಾಡಿಗೆಗೆ ಕೊಡುವ ವ್ಯವಸ್ಥೆ ಸರ್ಕಾರಕ್ಕೆ ಅಸಾಧ್ಯವೇನಲ್ಲ. ಅದಾಗುವವರೆಗೂ 4,000 ಮೀಟರಿನ ಮೇಲೆ ಹೋಗುವ ಪ್ರತಿ ತಂಡ ಕೂಗಿದರೆ ಕೇಳದ ಜಾಗಕ್ಕೆ ಹೋಗುತ್ತಿದೆ ಎಂದೇ ತಿಳಿಯಬೇಕು.

ನಮ್ಮ ರಾಜ್ಯ ಮಾಡಬಹುದಾದದ್ದೂ ಇದೆ. 2024ರ ಜನವರಿಯಲ್ಲಿ ಕುಮಾರ ಪರ್ವತದ ಜನಜಂಗುಳಿಯ ಚಿತ್ರ ನೋಡಿ ಗಾಬರಿಯಾದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ನೋಂದಣಿ ತಂದಿತು. ಅದೇ ಎಚ್ಚರ ಗಡಿಯಾಚೆ ಹೋಗುವ ನಮ್ಮವರಿಗೂ ಸಲ್ಲಲಿ. ಹಿಮಾಲಯಕ್ಕೆ ಹೊರಡುವ ತಂಡಗಳು ಹೆಸರು, ದಾರಿ, ಮರಳುವ ದಿನಾಂಕಗಳನ್ನು ದಾಖಲಿಸಲು ಒಂದು ಸರಳ ಪುಟ ಇರಲಿ. ತಂಡ ಮರಳದಿದ್ದರೆ ಯಾರಿಗೆ ಕರೆ ಹೋಗಬೇಕೆಂದು ಅಲ್ಲೇ ಇರಲಿ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಸಂಸ್ಥೆ ನಮ್ಮಲ್ಲೇ ಇದೆ. ಎತ್ತರದ ಕಾಯಿಲೆ, ಚಳಿಯ ಕಾಯಿಲೆಗಳ ಲಕ್ಷಣಗಳನ್ನು ಕನ್ನಡದಲ್ಲಿ ಹೇಳಿಕೊಡುವ ಎರಡು ದಿನಗಳ ತರಬೇತಿಯನ್ನು ಪ್ರತಿ ಬೇಸಿಗೆಗೆ ಮುನ್ನ ಅದು ನಡೆಸಬಹುದು. ಸಚಿವರು ವಿಮಾನ ಹತ್ತಬೇಕಾದ ಸಂದರ್ಭ ಬರುವ ಮೊದಲು ಮಾಡಬೇಕಾದ ಕೆಲಸಗಳಿವು.

ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ. ಬೆಳಗಿನ ಮೊದಲ ಬಿಸಿಲು ಬಂಡೆಯ ನೆತ್ತಿಯಿಂದ ಇಳಿದು ಆ ನೀರನ್ನು ಮುಟ್ಟುವುದನ್ನು ಕಂಡವರು ಬದುಕಿಡೀ ಅದನ್ನು ಒಳಗಿಟ್ಟುಕೊಂಡಿರುತ್ತಾರೆ. ನಮ್ಮ ಮಕ್ಕಳು ಅದನ್ನು ಕಾಣಲಿ, ಕಂಡದ್ದನ್ನು ಮನೆಗೆ ಬಂದು ಹೇಳಲಿ.

ಮನೆಯ ಹಿರಿಯರಿಗೆ ಒಂದು ಮಾತು. ಮಗನೋ ಮಗಳೋ ಚಾರಣದ ಪಟ್ಟಿ ತೋರಿಸಿದಾಗ ಶೂ ಎಷ್ಟರದು, ಊಟ ಏನು ಎಂದು ಕೇಳುತ್ತೀರಿ. ಜತೆಗೆ ಇನ್ನೊಂದು ಪ್ರಶ್ನೆ ಕೇಳಿ: ಇದರಲ್ಲಿ ಖಾಲಿ ದಿನ ಯಾವುದು? ಅವರು ಬೆರಳಿಟ್ಟು ತೋರಿಸಿದರೆ ಸಂತೋಷದಿಂದ ಕಳಿಸಿಕೊಡಿ. ತೋರಿಸಲಾಗದಿದ್ದರೆ, ಟಿಕೆಟ್ ಕೊಳ್ಳುವ ಮೊದಲು, ಆ ದಿನವನ್ನು ಸೇರಿಸಲು ಹೇಳಿ.